ಸದಾಶಿವನ ನಲವತ್ತೆರಡು ಕಿಲೋಮೀಟರು

ಬೈಲಹೊಂಗಲದ ಹೊರಗಿನ ಬಂಡಿದಾರಿಯಲ್ಲಿ ಸದಾಶಿವ ಹೊಸೂರ ಒಂಬತ್ತನೆಯ ಕಿಲೋಮೀಟರು ಓಡುತ್ತಿದ್ದಾಗ ಜೋಳದ ಹೊಲದೊಳಗಿಂದ ಒಬ್ಬ ಮುದುಕ ಕೈಯೆತ್ತಿ ಅಡ್ಡ ಬಂದ. ನವೆಂಬರ್ ತಿಂಗಳ ಕೊನೆಯ ವಾರ. ಹೊತ್ತು ಇನ್ನೂ ಹುಟ್ಟಿರಲಿಲ್ಲ. ಬಾಯಿಂದ ಹೊಗೆ ಬರುವಷ್ಟು ಚಳಿ.

"ಸಾಹೇಬ್ರ, ನಿಂದರ್ರಿ, ನಿಂದರ್ರಿ. ನಮ್ಮ ಎಮ್ಮಿ ನಿನ್ನಿಯಿಂದ ಒದರಾಕ ಹತ್ತೈತಿ. ಬೆದಿಗಿ ಬಂದೈತೋ, ಹೊಟ್ಟಿನೋವೋ ತಿಳಿವಲ್ದು. ಒಂದೀಟ ನೋಡಿ ಹೋಗ್ರಿ."

"ಅಜ್ಜಾರ, ನಾ ಓಡಾಕ ಹತ್ತೇನ್ರಿ."

"ಹೌದಲ್ರಿ, ಹೆಂಗೂ ಈ ಕಡಿನ ಓಡಾಕ ಹತ್ತೀರಿ. ಮನಿ ಇಲ್ಲೇ ಐತಿ."

ಸದಾಶಿವ ನಿಂತ. ಎಮ್ಮೆ ನೋಡಿದ. ಬೆದೆಗೇ ಬಂದಿತ್ತು. ಹತ್ತು ಗಂಟೆಗೆ ಆಸ್ಪತ್ರೆಗೆ ಹೊಡೆದುಕೊಂಡು ಬರಲು ಹೇಳಿದ. ಮನೆಯವರು ಚಹಾ ಕೊಟ್ಟರು, ಕುಡಿದ. ಮತ್ತೆ ದಾರಿಗೆ ಬರುವಷ್ಟರಲ್ಲಿ ಅಂಗಿಯೊಳಗಿನ ಬೆವರು ತಣ್ಣಗಾಗಿ ಬೆನ್ನಿಗೆ ಅಂಟಿತ್ತು, ಕಾಲುಗಳು ಕಟ್ಟಿಗೆಯಾಗಿದ್ದವು. ಹದಿನಾರು ಕಿಲೋಮೀಟರು ಓಡಲು ಬಂದವನು ಒಂಬತ್ತಕ್ಕೇ ತಿರುಗಿ ನಡೆಯುತ್ತ ಮನೆಗೆ ಹೋದ. ಆ ವಾರದಲ್ಲಿ ಇದು ಮೂರನೆಯ ಸಲ.

ಸದಾಶಿವ ಅಲ್ಲಿಯೇ ಹತ್ತಿರದ ಹಳ್ಳಿಯೊಂದರ ಪಶು ಚಿಕಿತ್ಸಾಲಯದಲ್ಲಿ ಪರೀಕ್ಷಕ. ಇಪ್ಪತ್ತಾರು ವರ್ಷದ ನೌಕರಿ. ತಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು ಎಂದು ಸಾವಿರ ಸಲ ಹೇಳಿದ್ದರೂ ಸುತ್ತಲಿನ ಹದಿನಾಲ್ಕು ಹಳ್ಳಿಗೆ ಅವನೇ ದನದ ಡಾಕ್ಟರು. ಯಾವ ಮನೆಯ ಆಕಳು ಯಾವಾಗ ಗಬ್ಬಾಯಿತು, ಯಾವ ಎಮ್ಮೆ ಒದೆಯುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಹೀಗಾಗಿ ಯಾವ ದಾರಿ ಹಿಡಿದರೂ ಗುರುತಿನವರೇ. ನಾಯಿಗಳಿಗೂ ಅವನ ಗುರುತಿತ್ತು. ಸೂಜಿ ಚುಚ್ಚಿದವನ ವಾಸನೆ ಅವು ಮರೆಯುವುದಿಲ್ಲ. ಅವನು ಓಡಿದರೆ ಅವೂ ಓಡುತ್ತಿದ್ದವು.

ಓಟದ ಹುಚ್ಚು ಹತ್ತಿದ್ದು ದಸರೆಯ ರಜೆಯಲ್ಲಿ. ಬೈಲಹೊಂಗಲದ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟ ಸಂದೀಪ ಎಂಬವನು ಅವನಿಗೆ ತಮ್ಮನಂಥ ಗೆಳೆಯ. ವಯಸ್ಸು ಮೂವತ್ತನಾಲ್ಕು. ಒಂದು ಸಂಜೆ ಅವನು ಫೋನು ಮುಂದೆ ಹಿಡಿದ. ಸವದತ್ತಿ ಗುಡ್ಡದ ಸಾಲಿನಲ್ಲಿ ಜನವರಿಯ ಕೊನೆಯ ರವಿವಾರ ಮ್ಯಾರಥಾನ್. ಡಾಂಬರು ರಸ್ತೆಯಲ್ಲಲ್ಲ, ಕಾಲುದಾರಿಯಲ್ಲಿ, ಕಲ್ಲು ಮಣ್ಣಿನಲ್ಲಿ ನಲವತ್ತೆರಡು ಕಿಲೋಮೀಟರು.

"ಅಣ್ಣಾರ, ಇಬ್ಬರೂ ಓಡೂಣೇನ್ರಿ?"

ಸಂದೀಪ ಚೇಷ್ಟೆಗೆ ಕೇಳಿದ್ದ. ಸದಾಶಿವ "ಹೆಸರ ಹಚ್ಚು" ಎಂದುಬಿಟ್ಟ.

ಯಾಕೆ ಹಾಗೆಂದ ಎಂಬುದನ್ನು ಅವನು ಹೆಂಡತಿಗೂ ಹೇಳಲಿಲ್ಲ. ಡಿಪ್ಲೊಮಾ ಓದುವಾಗ ಅವನು ಐದು ಸಾವಿರ ಮೀಟರು ಓಡುತ್ತಿದ್ದ. ಮೂರು ವರ್ಷ ಓಡಿ ಮೂರು ವರ್ಷವೂ ನಾಲ್ಕನೆಯವನಾಗಿ ಬಂದ. ನಾಲ್ಕನೆಯವನಿಗೆ ಏನೂ ಕೊಡುವುದಿಲ್ಲ. ಆಮೇಲೆ ನೌಕರಿ, ಮದುವೆ, ಮಗಳು. ಹೋದ ಬೇಸಿಗೆಯಲ್ಲಿ ಲಸಿಕೆ ಹಾಕಲು ಒಂದು ಹೋರಿಗರುವಿನ ಬೆನ್ನು ಹತ್ತಿ ನೂರು ಹೆಜ್ಜೆ ಓಡಿದ್ದ. ಅಷ್ಟಕ್ಕೇ ಎದೆ ಹಿಡಿದು ಬದುವಿನ ಮೇಲೆ ಕುಸಿದು ಕುಳಿತ. ಕರು ಅಲ್ಲಿಯೇ ನಿಂತು, ಮೆಲುಕು ಹಾಕುತ್ತ, ಅವನನ್ನೇ ನೋಡಿತು. ಆ ನೋಟ ಅವನಿಗೆ ಬಹಳ ದಿನ ಚುಚ್ಚಿತು.

ಹೆಂಡತಿ ವಿಜಯಾ ಮೊದಲು ನಕ್ಕಳು. "ನಲವತ್ತೊಂಬತ್ತಾತು ನಿಮಗ. ಗುಡ್ಡದಾಗ ಬಿದ್ದ್ರ ಎತ್ತಾಕ ಯಾರ ಬರತಾರ?" ಎಂದಳು. ಆಮೇಲೆ ಅವನು ನಿಜಕ್ಕೂ ಏಳುತ್ತಿರುವುದನ್ನು ನೋಡಿ ತಾನೂ ನಾಲ್ಕೂವರೆಗೆ ಎದ್ದು ಚಹಾ ಮಾಡತೊಡಗಿದಳು.

ಊರವರು ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಶುಗರ್ ಏನ್ರಿ?" ಕಿರಾಣಿ ಅಂಗಡಿಯವನು ಕೇಳಿದ, ಹಾಲಿನವನು ಕೇಳಿದ, ಎದುರು ಮನೆಯ ಕೆಂಪವ್ವ ಕನಿಕರದಿಂದ ಕೇಳಿ ಹಾಗಲಕಾಯಿಯನ್ನೂ ಕಳಿಸಿದಳು. ಇಲ್ಲವೆಂದರೆ ಯಾರೂ ನಂಬಲಿಲ್ಲ. ಕಾಯಿಲೆಯಿಲ್ಲದ ಮನುಷ್ಯ ಯಾಕೆ ಓಡಬೇಕು?

ಡಿಸೆಂಬರಿನಲ್ಲಿ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯಲ್ಲಿ ಏನೋ ಎದ್ದಿತಂತೆ. ಇಲ್ಲಿ ಮೂರು ದಿನ ಮೋಡ ಇಳಿದು ಜಿಟಿಜಿಟಿ ಸುರಿಯಿತು. ಬೈಲಹೊಂಗಲದ ಎರೆಮಣ್ಣು ಒಣಗಿದ್ದರೆ ಕಲ್ಲು, ನೆನೆದರೆ ಅಂಟು. ನಾಲ್ಕನೆಯ ದಿನ ಮಳೆ ನಿಂತಿತೆಂದು ಸದಾಶಿವ ಬಂಡಿದಾರಿಗಿಳಿದ. ಇಪ್ಪತ್ತು ಹೆಜ್ಜೆಗೆ ಒಂದೊಂದು ಬೂಟಿನ ಕೆಳಗೆ ಒಂದೊಂದು ಸೇರು ಮಣ್ಣು. ನಿಂತು ಕಡ್ಡಿಯಿಂದ ಕೆದರಿದ, ಮತ್ತೆ ಇಪ್ಪತ್ತು ಹೆಜ್ಜೆ, ಮತ್ತೆ ಕೆದರಿದ. ಕೊನೆಗೆ ಒಂದು ಬೂಟು ಕೆಸರಿನಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತು. ಅದನ್ನು ಕಿತ್ತು ತೆಗೆಯುವಾಗ ಅದರ ತಳ ಬಾಯಿಬಿಟ್ಟಿತು. ಎರಡು ತಿಂಗಳೂ ಆಗಿರದ ಬೂಟು. ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬರುತ್ತಿದ್ದ ಅವನನ್ನು ನೋಡಿ ಹಾಲಿನವನು ಬೈಕು ನಿಲ್ಲಿಸಿ, "ಹತ್ರಿ ಸಾಹೇಬ್ರ, ಬಿಡತೇನಿ" ಎಂದ. ಸದಾಶಿವ ಹತ್ತಿ ಕುಳಿತ.

ದಾರಿ ಒಣಗುವ ಹೊತ್ತಿಗೆ ಕಾಲುಬಾಯಿ ಬೇನೆಯ ಲಸಿಕೆ ಅಭಿಯಾನ ಬಂತು. ಕಿತ್ತೂರು ತಾಲೂಕಿನಲ್ಲಿ ಇಲಾಖೆಯ ಜನ ಕಡಿಮೆಯಿದ್ದರು. ಅವನನ್ನು ಹನ್ನೆರಡು ದಿನ ಅಲ್ಲಿಗೆ ಹಾಕಿದರು. ದನಗಳು ಮೇಯಲು ಹೋಗುವ ಮುಂಚೆಯೇ ಸೂಜಿ ಹಾಕಬೇಕು. ಆದ್ದರಿಂದ ಬೆಳಗಿನ ಓಟ ತಾನಾಗಿಯೇ ತಪ್ಪಿತು. ನಸುಕಿನಲ್ಲೇ ಮಫ್ಲರು ಸುತ್ತಿಕೊಂಡು ಬೈಕಿನಲ್ಲಿ ಹೋಗುವಾಗ ಮೂಗು ಕಿವಿಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಸಂಜೆಯಾದರೂ ಓಡೋಣವೆಂದು ಹೆದ್ದಾರಿಯ ಪಕ್ಕದ ಸಣ್ಣ ರಸ್ತೆ ಹಿಡಿದ. ಅದು ಕಬ್ಬಿನ ಕಾಲ. ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲಾಗಿ ಬರುತ್ತಿದ್ದವು. ಧೂಳಿನಲ್ಲಿ ಮುಂದಿನ ಹೆಜ್ಜೆ ಕಾಣುತ್ತಿರಲಿಲ್ಲ. ಐದನೆಯ ದಿನ ಕೆಮ್ಮು ಶುರುವಾಯಿತು, ಏಳನೆಯ ದಿನ ಜ್ವರ. ಶುಂಠಿ ಕಷಾಯ ಕುಡಿದು ಹಾಸಿಗೆಯಲ್ಲಿ ಬಿದ್ದುಕೊಂಡು ಅವನು ಸಂದೀಪ ಕೊಟ್ಟ ತಾಲೀಮಿನ ತಃಖ್ತೆ ನೋಡುತ್ತಿದ್ದ. ಹದಿನಾರು ವಾರದ ಲೆಕ್ಕ. ಆ ವಾರದ ಚೌಕದಲ್ಲಿ 'ಇಪ್ಪತ್ತನಾಲ್ಕು ಕಿ.ಮೀ.' ಎಂದು ಬರೆದಿತ್ತು. ಅವನು ಅಂದು ಬಚ್ಚಲಿಗೆ ಎರಡು ಸಲ ಹೋಗಿ ಬಂದಿದ್ದ.

ಕೆಮ್ಮು ಕಡಿಮೆಯಾಗಿ ಮಾತ್ರೆ ತರಲು ಸಂದೀಪನ ಅಂಗಡಿಗೆ ಹೋದಾಗ ಅವನು ಮುಖ ತಪ್ಪಿಸಿದ.

"ಅಣ್ಣಾರ, ಒಂದ ಮಾತ ಹೇಳೂದಿತ್ರಿ. ನಾ ಹತ್ತ ಕಿಲೋಮೀಟರಿಗಿ ಹೆಸರ ಬದಲ ಮಾಡಿಸೇನಿ."

"ಯಾಕ?"

"ಅಂಗಡಿ ಬಿಟ್ಟ ಬರಾಕ ಆಗವಲ್ದ್ರಿ. ಮ್ಯಾಲ ಈ ಚಳಿ. ನೀವೂ ಬದಲ ಮಾಡ್ರಿ. ನಾನ ಮಾಡಿ ಕೊಡತೇನಿ, ಎರಡ ನಿಮಿಷದ ಕೆಲಸ."

ಸದಾಶಿವನಿಗೆ ಸಿಟ್ಟು ನೆತ್ತಿಗೇರಿತು. "ಹೆಸರ ಹಚ್ಚಿದಾಂವ ನೀ. ತಃಖ್ತೆ ಕೊಟ್ಟಾಂವ ನೀ. ನನ್ನ ಹಳ್ಳಕ್ಕ ಇಳಿಸಿ ಈಗ ದಂಡಿ ಮ್ಯಾಲ ನಿಂತ ಕೈ ಬೀಸತೀ ಏನಲೇ?"

ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಮಾತ್ರೆ ತೆಗೆದುಕೊಳ್ಳದೆಯೇ ಅವನು ಹೊರಬಿದ್ದ. ಒಂಟಿಯಾಗಿ ಓಡುವುದು ಅವನಿಗೆ ಹೊಸದೇನಲ್ಲ, ಸಂದೀಪ ಮೊದಲಿನಿಂದಲೂ ವಾರಕ್ಕೊಂದು ಸಲ ಬಂದರೆ ಹೆಚ್ಚು. ಆದರೂ ತನ್ನಂತೆಯೇ ಇನ್ನೊಬ್ಬ ಹುಚ್ಚನಿದ್ದಾನೆ ಎಂಬ ಒಂದು ಧೈರ್ಯವಿತ್ತು. ಅದು ಹೋಯಿತು.

ಮುಂದಿನ ದಿನಗಳಲ್ಲಿ ಗುರುತಿನವರನ್ನು ತಪ್ಪಿಸಲೆಂದು ಅವನು ಬೈಕಿನಲ್ಲಿ ಚಚಡಿಯ ಕಡೆಗೆ ಹೋಗಿ ಅಲ್ಲಿಂದ ಹೊಲದ ಬದುಗಳ ಮೇಲೆ ಓಡತೊಡಗಿದ. ಅಲ್ಲಿ ಕುಸುಬೆ ಬೆಳೆದು ನಿಂತಿತ್ತು. ಅದರ ಮುಳ್ಳು ಕಾಲನ್ನೆಲ್ಲ ಗೀರಿತು. ಗೀರಿದ ಕಾಲಿನಲ್ಲಿ ಕಡಲೆ ಹೊಲ ದಾಟಬೇಕು. ಕಡಲೆಯ ಮೇಲಿನ ಇಬ್ಬನಿ ಹುಳಿ, ಗಾಯಕ್ಕೆ ತಗುಲಿದರೆ ಬೆಂಕಿ. ರೈತರು ಹುಳಿಯಿಂದ ಚಪ್ಪಲಿ ಹಾಳಾಗುತ್ತದೆಂದು ಹೊತ್ತೇರುವ ತನಕ ಆ ಹೊಲಕ್ಕೆ ಇಳಿಯುವುದಿಲ್ಲ. ಇವನು ಹಲ್ಲು ಕಚ್ಚಿಕೊಂಡು ಇಳಿಯುತ್ತಿದ್ದ, ದಾಟಿದ ಮೇಲೆ ಮನಸಾರೆ ಬೈಯುತ್ತಿದ್ದ. ಯಾರನ್ನು ಎಂದು ಅವನಿಗೂ ಗೊತ್ತಿರಲಿಲ್ಲ.

ಸಂಕ್ರಮಣಕ್ಕೆ ರಾಮದುರ್ಗಕ್ಕೆ ಹೋದರು, ವಿಜಯಾಳ ತವರುಮನೆ. ಓಟಕ್ಕೆ ಇನ್ನು ಎರಡೇ ವಾರ. ಒಂದು ಸಲವೂ ಅವನು ಮೂವತ್ತು ಕಿಲೋಮೀಟರು ಮುಟ್ಟಿರಲಿಲ್ಲ. ಇಲ್ಲಿ ತನ್ನನ್ನು ಯಾರೂ ದನದ ಡಾಕ್ಟರೆಂದು ಬಲ್ಲವರಿಲ್ಲ, ಇಂದು ಮುಗಿಸಿಯೇ ಬಿಡುತ್ತೇನೆ ಎಂದುಕೊಂಡು ಹಬ್ಬದ ಮರುದಿನ ನಸುಕಿನಲ್ಲಿ ಹೊರಟ. ಹೊಳೆಯ ದಂಡೆ ಬಿಟ್ಟು ಗುಡ್ಡ ಹತ್ತಿದ. ಮೈ ಹಗುರಾಗಿತ್ತು. ಹದಿನೈದು, ಹದಿನೆಂಟು, ಇಪ್ಪತ್ತು. ಎಷ್ಟೋ ದಿನಗಳ ಮೇಲೆ ಉಸಿರು ಹೆಜ್ಜೆ ಎರಡೂ ಕೂಡಿ ನಡೆದಿದ್ದವು. ಇಪ್ಪತ್ತೆರಡಕ್ಕೆ ಇಳಿಜಾರಿನಲ್ಲಿ ಒಂದು ಸಡಿಲ ಕಲ್ಲು ಉರುಳಿ ಬಲಪಾದದ ಕೀಲು ಹೊರಳಿತು. ಚಳಕ್ ಎಂದಿತು. ಕುಳಿತ. ಎದ್ದು ನಾಲ್ಕು ಹೆಜ್ಜೆ ಹಾಕಿದ. ಮತ್ತೆ ಕುಳಿತ.

ಕುಂಟುತ್ತ ರಸ್ತೆಗೆ ಬಂದು ಕೈ ಮಾಡಿ ಬಸ್ಸು ಹತ್ತಿದ. ಕಂಡಕ್ಟರು ಟಿಕೆಟು ಹರಿಯುತ್ತ ಅವನ ಚಡ್ಡಿ, ಬೂಟು, ಬೆವರು ನೋಡಿ, "ಶುಗರ್ ಎಷ್ಟ ಐತ್ರಿ?" ಎಂದ.

ಸದಾಶಿವ ಕಿಟಕಿಯ ಕಡೆ ಮುಖ ತಿರುಗಿಸಿದ. ಕಣ್ಣಲ್ಲಿ ನೀರು ಬಂದಿತ್ತು. ನೋವಿಗಿಂತ ಹೆಚ್ಚಾಗಿ ಅದು ಸಿಟ್ಟಿನ ನೀರು.

ಮನೆಯಲ್ಲಿ ಕಾಲಿಗೆ ಅರಿಸಿನ ಸುಣ್ಣದ ಪಟ್ಟು ಹಾಕಿಸಿಕೊಳ್ಳುತ್ತ ಅವನು ಹೆಂಡತಿಗೆ ಹೇಳಿದ. "ಸಾಕಾತು. ನಾ ಇನ್ನ ಓಡಂಗಿಲ್ಲ."

ಸಮಾಧಾನದ ಮಾತು ಬಂದೀತೆಂದು ಕಾದ. ವಿಜಯಾ ಪಟ್ಟಿಯ ಗಂಟನ್ನು ಎಳೆದು ಬಿಗಿದಳು.

"ಮೂರ ತಿಂಗಳಾತು, ನಿಮ್ಮ ಸಲುವಾಗಿ ನಾಲ್ಕೂವರಿಗಿ ಎದ್ದ ಚಾ ಮಾಡೇನಿ. ಚಳಿಯಾಗ ನನ್ನ ಕೈ ಒಡದಾವು. ಈಗ ಬ್ಯಾಡಂದ್ರ ಆ ನಿದ್ದಿ ನನಗ ಯಾರ ತಿರುಗಿ ಕೊಡತಾರ? ಸುಮ್ಮ ಹೋಗಿ ಓಡಿ ಬರ್ರಿ. ಮುಗಸೂದು ಬಿಡೂದು ಆಮ್ಯಾಲಿನ ಮಾತು."

ಅವನಿಗೆ ಮತ್ತಷ್ಟು ಸಿಟ್ಟು ಬಂತು. ಆದರೂ ಎರಡು ವಾರ ಕಾಲಿಗೆ ವಿಶ್ರಾಂತಿ ಕೊಟ್ಟ. ಬಾವು ಇಳಿಯಿತು. ನೋವು ಸ್ವಲ್ಪ ಉಳಿಯಿತು.

ಜನವರಿಯ ಕೊನೆಯ ರವಿವಾರ ಸವದತ್ತಿ ಗುಡ್ಡದ ಕೆಳಗಿನ ಬಯಲಿಗೆ ಸದಾಶಿವ ವಿಜಯಾ ಇಬ್ಬರೂ ಸಂದೀಪನ ಕಾರಿನಲ್ಲೇ ಹೋದರು. ಅವನ ಮೇಲಿನ ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೆ ಐದು ಗಂಟೆಗೆ ಅಲ್ಲಿರಲು ಬೇರೆ ಗಾಡಿಯಿರಲಿಲ್ಲ.

ಆರಕ್ಕೆ ಓಟ ಶುರುವಾಗಬೇಕು. ಮಂಜು ಕವಿದು ಹತ್ತು ಮಾರಿನಾಚೆಯ ಮನುಷ್ಯ ಕಾಣುತ್ತಿರಲಿಲ್ಲ. ಗುಡ್ಡದ ಅಂಚಿನಲ್ಲಿ ಯಾರಾದರೂ ಉರುಳಿಯಾರೆಂದು ಸಂಘಟಕರು ತಡೆದರು. ನೂರಾರು ಜನ ಚಳಿಯಲ್ಲಿ ಕುಣಿಯುತ್ತ ನಿಂತರು. ಕೊನೆಗೆ ಬಿಟ್ಟಾಗ ಆರೂ ಮುಕ್ಕಾಲು. ಮೂವತ್ತೇಳನೆಯ ಕಿಲೋಮೀಟರಿನ ಠಾಣೆಯನ್ನು ಮಧ್ಯಾಹ್ನ ಒಂದರೊಳಗೆ ದಾಟದವರನ್ನು ಓಟದಿಂದ ಇಳಿಸುತ್ತೇವೆ ಎಂದು ಮೈಕಿನಲ್ಲಿ ಹೇಳಿದರು. ತಡವಾದ ಮುಕ್ಕಾಲು ತಾಸು ಸೇರಿಸುತ್ತೀರಾ ಎಂದು ಯಾರೋ ಕೂಗಿ ಕೇಳಿದರು. ಮೈಕು ಬಂದ್ ಆಯಿತು.

ಸದಾಶಿವ ಅವಸರ ಮಾಡಲಿಲ್ಲ. ಏರಿನಲ್ಲಿ ನಡೆದ, ಇಳಿಜಾರಿನಲ್ಲಿ ಬಲಗಾಲನ್ನು ಜೋಪಾನವಾಗಿ ಇಟ್ಟ, ಸಮನೆಲದಲ್ಲಿ ಓಡಿದ. ಹತ್ತು ಗಂಟೆಗೆ ಮಂಜು ಸರಿದು ಬಿಸಿಲು ಬಂತು. ಇಪ್ಪತ್ತೊಂಬತ್ತನೆಯ ಕಿಲೋಮೀಟರಿಗೆ ಬಂದಾಗ ಹನ್ನೊಂದೂವರೆ. ಇದೇ ನಡಿಗೆಯಲ್ಲಿ ಹೋದರೆ ಒಂದಕ್ಕೆ ಹತ್ತು ನಿಮಿಷ ಮೊದಲೇ ಠಾಣೆ ಮುಟ್ಟಬಹುದು. ಲೆಕ್ಕ ಹಾಕಿ ಮೊದಲ ಸಲ ನಕ್ಕ.

ಗುಡ್ಡದ ಕಣಿವೆಯಲ್ಲಿ ಒಂದು ತೋಟದ ಮನೆ. ದಾರಿಯಲ್ಲಿ ನಿಂತಿದ್ದ ರೈತ ಅವನನ್ನು ನೋಡಿ ಬಾಯಿ ತೆರೆದ.

"ಹೊಸೂರ ಡಾಕ್ಟರ್ ಅಲ್ರಿ ನೀವು? ಮೂರ ವರ್ಷದ ಹಿಂದ ಮುರಗೋಡದಾಗ ನಮ್ಮ ಅಳಿಯಾರ ಎಮ್ಮಿ ಉಳಿಸಿದ್ರಿ. ನಾ ಗಂಗಪ್ಪರಿ. ದೇವ್ರ ಬಂದಂಗ ಬಂದ್ರಿ. ನಮ್ಮ ಎಮ್ಮಿ ಮುಂಜಾನಿಯಿಂದ ಈಯಾಕ ಹತ್ತೈತಿ, ಆಗವಲ್ದು. ಒಂದ ಕಾಲ ಹೊರಗ ಬಂದೈತಿ, ಇನ್ನೊಂದ ಇಲ್ಲ."

"ಡಾಕ್ಟರ್‌ಗ ಫೋನ್ ಹಚ್ಚ್ರಿ."

"ಹಚ್ಚೇನ್ರಿ. ಬೇರೆ ಊರಾಗ ಅದಾರಂತ. ಇನ್ನೂ ತಾಸಿನ ಮ್ಯಾಲ ಆಗತೈತಂತ."

"ನಾ ಓಟದಾಗ ಅದೇನ್ರಿ. ಕಾಣವಲ್ದ? ಎದಿ ಮ್ಯಾಲ ನಂಬರ್ ಐತಿ."

ಗಂಗಪ್ಪ ಚೀಟಿಯನ್ನು ನೋಡಿದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಸದಾಶಿವ ಓಡಿದ. ಇನ್ನೂರು ಹೆಜ್ಜೆ ಓಡಿರಬಹುದು. ಒಂದು ಕಾಲು ಹೊರಗೆ, ಇನ್ನೊಂದು ಒಳಗೆ ಮಡಚಿಕೊಂಡಿದೆ. ತಾಸು ಬಿಟ್ಟರೆ ಕರು ಹೋಗುತ್ತದೆ, ಆಮೇಲೆ ಎಮ್ಮೆಯೂ. ಹಿಂದಿನಿಂದ ಎಮ್ಮೆ ನರಳಿದ್ದು ಕೇಳಿಸಿತು. "ಇವ್ನೌನ!" ಎಂದು ಗಟ್ಟಿಯಾಗಿ ಬೈದು ತಿರುಗಿದ.

"ಬಿಸಿನೀರು, ಸಾಬಾನು, ಎಣ್ಣಿ! ಲಗೂ! ನಿಂತ ಏನ ನೋಡತೀರಿ?" ಎನ್ನುತ್ತಲೇ ಕೊಟ್ಟಿಗೆ ಹೊಕ್ಕ.

ಅಂಗಿ ಕಳೆದ, ತೋಳಿಗೆಲ್ಲ ಸಾಬೂನು ತಿಕ್ಕಿ ತೊಳೆದು ಕುಸುಬೆ ಎಣ್ಣೆ ಹಚ್ಚಿ ಭುಜದ ತನಕ ಕೈ ಹಾಕಿದ. ಎಮ್ಮೆ ತಿಣುಕಿದಾಗ ತೋಳು ಮುರಿದಂತಾಗುತ್ತಿತ್ತು. ಕರುವನ್ನು ಒಳಕ್ಕೆ ಒತ್ತಿ, ಮಡಚಿದ ಕಾಲಿನ ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಬೆರಳ ತುದಿಯಿಂದ ಇಷ್ಟಿಷ್ಟೇ ಎಳೆದ. ಇಪ್ಪತ್ತೊಂಬತ್ತು ಕಿಲೋಮೀಟರು ಓಡಿದ ತೊಡೆಗಳು ಗಡಗಡ ನಡುಗುತ್ತಿದ್ದವು. ಗಂಗಪ್ಪನನ್ನು ಬೈದ, ಎಮ್ಮೆಯನ್ನು ಬೈದ, ಮಂಜನ್ನು ಬೈದ. ಮೂವತ್ತೈದು ನಿಮಿಷಕ್ಕೆ ಎರಡು ಕಾಲೂ ಮೂತಿಯೂ ಒಟ್ಟಿಗೆ ಬಂದವು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು, ಸೀನಿತು, ತಲೆಯಾಡಿಸಿತು.

ಗಂಗಪ್ಪ ಬಗ್ಗಿ ಬಾಲ ಎತ್ತಿ ನೋಡಿದ. ಅವನ ಮುಖ ಇಳಿಯಿತು.

"ಕೋಣಗರಾತಲ್ರಿ."

ಸದಾಶಿವ ಕೈ ತೊಳೆಯುತ್ತಿದ್ದವನು ನಿಂತ. ಎಮ್ಮೆಯ ಗಂಡುಕರು ಯಾರಿಗೂ ಬೇಡ. ಹಾಲಿಲ್ಲ, ಉಳುಮೆಗೂ ಈಗ ಟ್ರ್ಯಾಕ್ಟರು. ಬಾಯಿಗೆ ಬಂದದ್ದನ್ನು ನುಂಗಿ, "ಎಮ್ಮಿ ಉಳೀತಲ್ರಿ" ಎಂದಷ್ಟೇ ಹೇಳಿ ಅಂಗಿ ಹಾಕಿಕೊಂಡು ಹೊರಟ.

ಕಾಲುಗಳು ಸೆಟೆದಿದ್ದವು. ಆದರೂ ಓಡಿದ, ಓಡಲಾಗದಾಗ ಬಿರಬಿರನೆ ನಡೆದ. ಮೂವತ್ತೇಳರ ಠಾಣೆ ಮುಟ್ಟಿದಾಗ ಒಂದು ಗಂಟೆ ಮೂವತ್ತು ನಿಮಿಷ. ಮೇಜು ಮಡಚಿದ್ದರು. ನೀಲಿ ಅಂಗಿಯ ಒಬ್ಬ ಹುಡುಗಿ ಪಟ್ಟಿ ಹಿಡಿದು ಜೀಪಿನ ಪಕ್ಕ ನಿಂತಿದ್ದಳು.

"ಅಂಕಲ್, ಟೈಮ್ ಮುಗಿದೈತ್ರಿ. ಜೀಪ್ ಹತ್ರಿ."

"ಒಂದೂ ಮುಕ್ಕಾಲು ಆಗಿಲ್ಲಲ್ಲವಾ. ಮುಕ್ಕಾಲ ತಾಸ ನೀವ ತಡಾ ಮಾಡೀರಿ. ಆ ಮುಕ್ಕಾಲ ತಾಸ ಎಲ್ಲಿ ಹೋತು?"

"ನಮಗ ಒಂದಕ್ಕ ಬಂದ ಮಾಡ್ರಿ ಅಂತ ಹೇಳ್ಯಾರ್ರಿ. ನನ್ನ ಕೈಯಾಗ ಏನೂ ಇಲ್ಲ. ನಂಬರ್ ಹಾಕ್ಕೊಂಡ ಮುಂದ ಹೋಗಾಕ ಬರಂಗಿಲ್ಲ."

ಅವನು ಹುಡುಗಿಯ ಮುಖ ನೋಡಿದ. ತನ್ನ ಮಗಳ ವಯಸ್ಸು, ಬಿಸಿಲಿಗೆ ಕೆಂಪಾಗಿದ್ದಳು. ಅವಳ ಮೇಲೆ ಕೂಗಿ ಏನು ಬಂತು? ಎದೆಯ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ ನಂಬರಿನ ಚೀಟಿಯನ್ನು ಅವಳ ಕೈಗಿಟ್ಟ.

"ತಗೋವಾ. ಈಗ ನಂಬರ್ ಇಲ್ಲ. ಇದು ಸರ್ಕಾರಿ ದಾರಿ. ನಾ ನಡಕೋತ ಹೋಗತೇನಿ."

ಉಳಿದ ಐದು ಕಿಲೋಮೀಟರು ಅವನು ಒಬ್ಬನೇ ಓಡಿದ. ಜೀಪು ಅವನನ್ನು ದಾಟಿ ಧೂಳೆಬ್ಬಿಸಿ ಹೋಯಿತು, ಅದರಲ್ಲಿ ಕುಳಿತಿದ್ದ ಇಬ್ಬರು ಓಟಗಾರರು ಕೈ ಬೀಸಿದರು. ಅವನು ಬೀಸಲಿಲ್ಲ. ಬಯಲಿಗೆ ಬಂದಾಗ ಓಟ ಮುಗಿಯುವಲ್ಲಿ ನಿಲ್ಲಿಸಿದ್ದ ರಬ್ಬರಿನ ಕಮಾನಿನ ಗಾಳಿ ತೆಗೆದಿದ್ದರು, ಅದು ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಅದನ್ನು ದಾಟಿ ನಿಂತ. ಬ್ಯಾನರು ಸುತ್ತುತ್ತಿದ್ದವನನ್ನು ಹೊತ್ತೆಷ್ಟೆಂದು ಕೇಳಿದ. ಎರಡು ಗಂಟೆ ಮೂವತ್ತೆಂಟು ನಿಮಿಷ.

ವಿಜಯಾ ನೀರಿನ ಬಾಟಲಿ ಕೊಟ್ಟು, ಅವನ ಮೈಯ ವಾಸನೆಗೆ ಮೂಗು ಮುಚ್ಚಿ, "ಯಾರ ಮನಿ ಎಮ್ಮಿ?" ಎಂದಳು. ಸಂದೀಪ ತನ್ನ ಹತ್ತು ಕಿಲೋಮೀಟರಿನ ಪದಕವನ್ನು ಕೊರಳಿಂದ ತೆಗೆದು, "ಅಣ್ಣಾರ, ಇದು ನಿಮ್ಮದ್ರಿ" ಎಂದು ಚಾಚಿದ.

"ನಿಂದು ನೀ ಇಟ್ಕೋಪಾ. ನಾ ಓಡಿದ್ದು ಹತ್ತಲ್ಲ" ಎಂದ ಸದಾಶಿವ. ದನಿಯಲ್ಲಿ ಸಿಟ್ಟಿತ್ತು, ಆದರೆ ಸಂದೀಪನ ಮೇಲಲ್ಲ. ಕಾರು ಹತ್ತುವಾಗ ಅವನದೇ ಹೆಗಲು ಹಿಡಿದು ಹತ್ತಿದ.

ಮೂರು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದ. ನಾಲ್ಕನೆಯ ದಿನ ಫಲಿತಾಂಶ ಬಂತು. ಮಗಳು ಪ್ರಣಿತಾ ಫೋನಿನಲ್ಲಿ ಹುಡುಕಿ ಓದಿದಳು. ಮುಗಿಸಿದವರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಕೆಳಗೆ 'ಓಟ ಬಿಟ್ಟವರು' ಎಂಬ ತಲೆಬರಹದಡಿ ಹನ್ನೊಂದು ಹೆಸರು, ಒಂಬತ್ತನೆಯದು ಅವನದು.

ಅವನು ಸಂಘಟಕರಿಗೆ ಫೋನು ಮಾಡಿದ. "ನಾ ಬಿಟ್ಟಿಲ್ರಿ. ಮುಗಸೇನಿ. ತಡಾ ಆತು, ಅದು ಖರೇ. ಆದ್ರ ಬಿಟ್ಟಿಲ್ಲ."

"ಸರ್, ನಿಮ್ಮ ನಂಬರಿನೊಳಗ ಚಿಪ್ ಇತ್ತು. ಅದು ಮೂವತ್ತೇಳಕ್ಕ ನಿಂತೈತಿ. ಮುಂದಿಂದು ನಮ್ಮ ಹತ್ತಿರ ರೆಕಾರ್ಡ್ ಇಲ್ಲ."

ಎರಡು ದಿನ ಬಿಟ್ಟು ಮತ್ತೆ ಮಾಡಿದ. ಅದೇ ಉತ್ತರ, ಅದೇ ಮರ್ಯಾದೆಯ ದನಿ. ಮೂರನೆಯ ಸಲ ಮಾಡಿದಾಗ ಅವನೂ ಮೆತ್ತಗಾಗಿದ್ದ.

"ಹಂಗಾದ್ರ ಒಂದ ಕೆಲಸ ಮಾಡ್ರಿ. ನನ್ನ ಹೆಸರನ ತಗದ ಬಿಡ್ರಿ. ಬಂದ ಇಲ್ಲ ಅಂತ ತಿಳ್ಕೋರಿ. ಬಿಟ್ಟಾಂವ ಅಂತ ಮಾತ್ರ ಬರೀಬ್ಯಾಡ್ರಿ."

ಆ ಕಡೆಯವನು ನೋಡುತ್ತೇನೆಂದ. ಸಂಜೆಗೆ ಪ್ರಣಿತಾ ತೆರೆದು ನೋಡಿದಾಗ ಪಟ್ಟಿಯಲ್ಲಿ ಹತ್ತೇ ಹೆಸರು ಉಳಿದಿದ್ದವು.

"ತಗದಾರಪಾ" ಎಂದಳು.

ವಿಜಯಾ ಅಡುಗೆಮನೆಯಿಂದ ಕೇಳಿದಳು. "ಆತೇನು ಸಮಾಧಾನ?"

"ಇಲ್ಲ" ಎಂದ ಸದಾಶಿವ, ಊಟಕ್ಕೆ ಕುಳಿತ.